ಇಳಿದ ಮುಳ್ಳು: ಒಂದು ಪಿಕಪ್ ಗಾಡಿಯ ಹೀಟ್ ಮೀಟರಿನ ಪ್ರಕರಣ

ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ನಮ್ಮ ಗ್ಯಾರೇಜಿಗೆ ಕಳೆದ ಬೇಸಿಗೆಯಲ್ಲಿ ಬಂದ ಒಂದು ಪಿಕಪ್ ಗಾಡಿಯ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮಾಲೀಕರ ಹೆಸರು, ಊರು, ಗಾಡಿಯ ಕಂಪನಿ, ನಮಗಿಂತ ಮೊದಲು ಕೈ ಹಾಕಿದ ಗ್ಯಾರೇಜು ಇವು ಯಾವುವನ್ನೂ ಹೇಳಿಲ್ಲ. ಪ್ರಕರಣ ಅರ್ಥವಾಗಲು ಅವು ಬೇಕಾಗಿಯೂ ಇಲ್ಲ. ಒಂದು ದೋಷ ಸಿಕ್ಕ ಖುಷಿಯಲ್ಲಿ ಇನ್ನೊಂದನ್ನು ನಾನೇ ನೋಡದೆ ಬಿಟ್ಟೆ, ಅದರಿಂದ ಒಂದು ಎಂಜಿನ್ ಸುಟ್ಟುಹೋಗುವುದರಲ್ಲಿತ್ತು ಎಂಬುದೇ ಇದನ್ನು ಬರೆಯಲು ಮುಖ್ಯ ಕಾರಣ.

ಗಾಡಿ ಮತ್ತು ಅದರ ದಾರಿ

ಅದು ಒಂಬತ್ತು ವರ್ಷದ ಹಳೆಯ, ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್. ಮಾಲೀಕರೇ ಚಾಲಕರು. ಕುಷ್ಟಗಿ ಸೀಮೆಯ ತೋಟಗಳಿಂದ ದಾಳಿಂಬೆ, ಹಸಿಮೆಣಸಿನಕಾಯಿ, ಬದನೆ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಹೊಸಪೇಟೆಗೆ, ವಾರಕ್ಕೊಂದು ಸಲ ಅದೇ ದಾರಿಯಲ್ಲಿ ಇನ್ನೂ ಮುಂದೆ ಚಿತ್ರದುರ್ಗದ ಕಡೆಗೆ ಹೋಗಿಬರುವುದು ಅವರ ಕೆಲಸ. ಎಂಜಿನ್ನಿನ ನೀರಿನ ಬಿಸಿ ತೋರಿಸುವ ಹೀಟ್ ಮೀಟರಿನ ಮುಳ್ಳು ಒಂಬತ್ತು ವರ್ಷ ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಂತಿತ್ತಂತೆ; ಯುಗಾದಿ ಕಳೆದ ಮೇಲೆ ಅದು ನಿಂತಲ್ಲಿ ನಿಲ್ಲದಾಯಿತು. "ಮುಳ್ಳು ಕುಣ್ಯಾಕತ್ತೈತ್ರಿ" ಎಂಬುದು ಅವರು ಹೇಳಿದ ಒಂದೇ ಮಾತು. ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕುಣಿತಗಳಿದ್ದವು ಎಂಬುದು ನನಗೆ ತಿಳಿಯಲು ಎರಡು ವಾರ ಬೇಕಾಯಿತು.

ನಮ್ಮಲ್ಲಿಗೆ ಬರುವ ಮೊದಲು ಬೇರೆ ಗ್ಯಾರೇಜಿನಲ್ಲಿ ನಾಲ್ಕು ಸಂಗತಿಗಳು ನಡೆದಿದ್ದವು. ಮೊದಲು ನೀರಿನ ಬಿಸಿಯನ್ನು ಮೀಟರಿಗೆ ತಿಳಿಸುವ ಸೆನ್ಸರ್ ಬದಲಾಯಿಸಿದ್ದರು. ಮುಳ್ಳು ಕುಣಿಯುವುದು ನಿಲ್ಲಲಿಲ್ಲ, ಸಾಲದ್ದಕ್ಕೆ ಮೊದಲಿಗಿಂತ ಸ್ವಲ್ಪ ಮೇಲೆಯೇ ನಿಲ್ಲತೊಡಗಿತು. ಆಮೇಲೆ "ನಮ್ಮ ಬಿಸಿಲಿಗೆ ವಾಲ್ವ್ ಯಾಕ ಬೇಕ್ರಿ" ಎಂದು ಥರ್ಮೋಸ್ಟಾಟ್ ಕಿತ್ತು ಪಕ್ಕಕ್ಕಿಟ್ಟರು. ಆ ಕೆಲಸದಲ್ಲಿ ಚೆಲ್ಲಿಹೋದ ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಬದಲು ತೋಟದ ಬೋರಿನ ನೀರು ತುಂಬಿಸಲಾಯಿತು. ಇಷ್ಟಾದರೂ ಸರಿಹೋಗದಿದ್ದಾಗ "ಹೆಡ್ ಇಳಿಸಬೇಕು, ಗ್ಯಾಸ್ಕೆಟ್ ಹೋಗಿದೆ" ಎಂಬ ತೀರ್ಪು ಬಂತು. ಹೆಡ್ ಅಂದರೆ ಸಿಲಿಂಡರುಗಳ ಮೇಲಿನ ಭಾರದ ಮುಚ್ಚಳ, ಗ್ಯಾಸ್ಕೆಟ್ ಅದರ ಕೆಳಗಿನ ಸೀಲು. ಹೆಡ್ ಇಳಿಸುವ ಖರ್ಚಿನ ಅಂದಾಜು ಕೇಳಿದ ಮೇಲೆಯೇ ಅವರು ನಮ್ಮಲ್ಲಿಗೆ ಬಂದದ್ದು.

ಥರ್ಮೋಸ್ಟಾಟ್ ಚಳಿದೇಶದವರ ವಸ್ತು ಎಂಬ ನಂಬಿಕೆ ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅದನ್ನು ಕಿತ್ತುಹಾಕುವುದನ್ನೇ ಒಂದು ರಿಪೇರಿ ಎಂದು ಎಣಿಸುತ್ತಾರೆ. ಈ ಗಾಡಿಯ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ. 82 ಡಿಗ್ರಿಯ ಸುಮಾರಿಗೆ ತೆರೆಯತೊಡಗಿ ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ತೆರೆಯುವಾಗ ಅದರ ತಳದ ಪುಟ್ಟ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದೇ ಇರುವುದರಿಂದ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಮತ್ತೆ ಎಂಜಿನ್ನಿಗೆ ತಿರುಗುತ್ತದೆ. ಖಾಲಿ ಗಾಡಿಯಲ್ಲಿ ನಸುಕಿನ ಹೊತ್ತು ಎಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಲೋಡ್ ಇದ್ದಾಗ ಬೇಕಾದಷ್ಟು ತಣಿಯುವುದಿಲ್ಲ. ಹೀಗೆ ಮುಳ್ಳಿನ ಒಂದು ಕುಣಿತ ರಿಪೇರಿಯಿಂದಲೇ ಹುಟ್ಟಿತ್ತು.

ಸುರಂಗದ ಟಿಪ್ಪಣಿ

ಮೊದಲ ದಿನ ನಾನು ಸ್ಪ್ಯಾನರ್ ಹಿಡಿಯಲಿಲ್ಲ. ಎಂಜಿನ್ ಪೂರ್ತಿ ತಣಿದಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ನೀರು ಎರಡು ಬೆರಳು ಇಳಿದಿತ್ತು, ಬಣ್ಣ ಚಹಾದಂತಿತ್ತು. ನೀರು ತುಂಬಿಸಿ, ಎರಡು ದಿನ ಎಂದಿನಂತೆ ಬಾಡಿಗೆಗೆ ಹೋಗಿ, ಮುಳ್ಳು ಯಾವಾಗ ಏನು ಮಾಡುತ್ತದೆಂದು ಬರೆದುಕೊಂಡು ಬನ್ನಿ ಎಂದೆ. ಓಡಿಸುವವರು ಬರೆಯಲಾಗದು ಎಂದು ಪಿಯುಸಿ ಮುಗಿಸಿ ರಜೆಯಲ್ಲಿದ್ದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದರು. ಆ ಹುಡುಗ ಮೀಟರಿನ ಗಾಜಿನ ಮೇಲೆ ತನ್ನ ತಾಯಿಯ ಮೂರು ಟಿಕಳಿಗಳನ್ನು ಅಂಟಿಸಿದ್ದ: ಕಾಲು, ಅರ್ಧ, ಮುಕ್ಕಾಲು. ಹೊತ್ತು, ಜಾಗ, ಲೋಡ್ ಉಂಟೋ ಇಲ್ಲವೋ, ಲೈಟ್ ಹಾಕಿದೆಯೋ ಇಲ್ಲವೋ, ಮುಳ್ಳು ಯಾವ ಟಿಕಳಿಯ ಹತ್ತಿರ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿದ್ದ. ಇಷ್ಟು ಅಚ್ಚುಕಟ್ಟಾದ ದಾಖಲೆ ನನ್ನ ಗ್ಯಾರೇಜಿನ ಜಾಬ್ ಕಾರ್ಡುಗಳಲ್ಲೂ ಇಲ್ಲ.

ಅದರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಹೊಸಪೇಟೆ ದಾಟಿದ ಮೇಲೆ ಹೆದ್ದಾರಿಯಲ್ಲಿ ಸಿಗುವ ಸುರಂಗದೊಳಗೆ ಮುಳ್ಳು ಅರ್ಧದಿಂದ ಮುಕ್ಕಾಲಿನ ಕಡೆಗೆ ಏರಿತ್ತು, ಹೊರಬಂದೊಡನೆ ಇಳಿದಿತ್ತು. "ಒಳಗ ಗಾಳಿ ಆಡಂಗಿಲ್ಲಲ್ರಿ ಮೇಸ್ತ್ರಿ, ಅದಕ್ಕ ಹೀಟ್ ಆಗ್ತೈತಿ" ಎಂದು ತಂದೆಯ ವಿವರಣೆ. ಕೇಳಲು ಸರಿಯೆನಿಸುವ ಇಂಥ ವಿವರಣೆಗಳೇ ನಮ್ಮ ಕಸುಬಿನಲ್ಲಿ ಹೆಚ್ಚು ಹೊತ್ತು ಕೆಡಿಸುತ್ತವೆ. ಎಂಜಿನ್ನಿನೊಳಗಿನ ಅಷ್ಟು ಲೀಟರ್ ನೀರು ಸುರಂಗ ದಾಟುವಷ್ಟರಲ್ಲಿ ಹಾಗೆ ಕಾದು, ಹೊರಬಂದ ಕ್ಷಣದಲ್ಲಿ ಹಾಗೆ ತಣಿಯಲಾರದು. ಇನ್ನೊಂದು ಪುಟದಲ್ಲಿ ಉತ್ತರವೂ ಇತ್ತು: ರಾತ್ರಿ ಬಯಲಿನಲ್ಲಿ ಬರುವಾಗಲೂ ಮುಳ್ಳು ಅಷ್ಟೇ ಮೇಲಿತ್ತು. ಸುರಂಗಕ್ಕೂ ರಾತ್ರಿಗೂ ಸಮಾನವಾಗಿದ್ದದ್ದು ಹೆಡ್‌ಲೈಟ್ ಒಂದೇ.

ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಹೆಡ್‌ಲೈಟ್ ಹಾಕಿದೆವು, ಮುಳ್ಳು ಏರಿತು. ಹೀಟರಿನ ಫ್ಯಾನ್ ಹಾಕಿದೆವು; ಇನ್ನಷ್ಟು ಏರಿತು. ಎರಡನ್ನೂ ಆರಿಸಿದೊಡನೆ ಮರಳಿ ಬಂತು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಹಿಡಿದರೆ 0.42 ವೋಲ್ಟ್. ಅಲ್ಲಿ 0.1 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ದಾರಿಯನ್ನು, ಅಂದರೆ ಕರೆಂಟ್ ಮರಳಿ ಬರುವ ದಾರಿಯನ್ನು, ಸಂಶಯದಿಂದ ನೋಡಬೇಕು. ಈ ಗಾಡಿಯಲ್ಲಿ ಬ್ಯಾಟರಿಯ ನೆಗೆಟಿವ್ ಕೇಬಲ್ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಹೋಗುತ್ತದೆ; ಚಾಸಿಯಿಂದ ಎಂಜಿನ್ನಿಗೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿ ಇದೆ. ಆಲ್ಟರ್ನೇಟರ್ ಹುಟ್ಟಿಸಿದ ಕರೆಂಟ್ ಲೈಟು, ಫ್ಯಾನುಗಳನ್ನು ದಾಟಿ ಮರಳಿ ಬರಬೇಕಾದದ್ದು ಆ ಪಟ್ಟಿಯ ಮೂಲಕವೇ. ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು ಕೂತು ದಾರಿ ಇಕ್ಕಟ್ಟಾದಾಗ, ಬ್ಲಾಕಿನ ವೋಲ್ಟೇಜು ಚಾಸಿಗಿಂತ ಅಷ್ಟರಮಟ್ಟಿಗೆ ಕೆಳಗಿಳಿಯುತ್ತದೆ. ಒಂದೇ ವೈರಿನ ಸೆನ್ಸರ್ ಅದೇ ಬ್ಲಾಕನ್ನು ನೆಲೆಯಾಗಿ ಹಿಡಿದಿರುತ್ತದೆ. ನೀರು ಬಿಸಿಯಾದಂತೆ ಸೆನ್ಸರಿನ ಓಮ್ (ಕರೆಂಟಿಗೆ ಒಡ್ಡುವ ತಡೆ) ಇಳಿದು ಸಿಗ್ನಲ್ಲಿನ ವೋಲ್ಟೇಜೂ ಇಳಿಯಬೇಕು. ಇಲ್ಲಿ ಬ್ಲಾಕೇ ಕುಸಿದಿದ್ದರಿಂದ ನೀರು ಬಿಸಿಯಾಗದೆಯೇ ಸಿಗ್ನಲ್ ಇಳಿಯಿತು, ಮೀಟರ್ ಅದನ್ನು ಬಿಸಿಯೆಂದು ಓದಿತು.

ಆಗ ಮಾಲೀಕರು ಇನ್ನೊಂದನ್ನು ನೆನಪಿಸಿಕೊಂಡರು: ಸಂಕ್ರಾಂತಿಯ ಹೊತ್ತಿಗೆ ಸೆಲ್ಫ್ ಭಾರವಾಗಿ ತಿರುಗುತ್ತಿತ್ತೆಂದು ಹೊಸ ಬ್ಯಾಟರಿ ಹಾಕಿಸಿದ್ದರಂತೆ, ಆದರೂ ಅಷ್ಟೇನೂ ಹಗುರವಾಗಿರಲಿಲ್ಲವಂತೆ. ಆಗಲೇ ಯಾರಾದರೂ ಆ ಪಟ್ಟಿ ನೋಡಿದ್ದರೆ ಬ್ಯಾಟರಿಯ ಹಣವೂ ಉಳಿಯುತ್ತಿತ್ತು. ಬೋಲ್ಟ್ ಬಿಚ್ಚಿ, ಎರಡೂ ಮೈಗಳನ್ನು ಬಿಳಿ ಲೋಹ ಕಾಣುವವರೆಗೆ ಪಾಲಿಶ್ ಪೇಪರಿನಿಂದ ಉಜ್ಜಿ, ಹೊಸ ಪಟ್ಟಿ ಹಾಕಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಮಲ್ಟಿಮೀಟರಿನಲ್ಲಿ 0.04 ವೋಲ್ಟ್. ಲೈಟ್ ಹಾಕಿದರೂ ಆರಿಸಿದರೂ ಮುಳ್ಳು ಅಲುಗಲಿಲ್ಲ.

ನನಗೆ ಬಹಳ ಸಂತೋಷವಾಗಿತ್ತು. ಬಿಲ್ಲು ಸಣ್ಣದು, ದೋಷ ಸ್ಪಷ್ಟ, ಪುರಾವೆ ಕಣ್ಣೆದುರಿಗೆ. "ನಿಮ್ಮ ಎಂಜಿನ್ ಹೀಟ್ ಆಗಿರಲೇ ಇಲ್ಲ, ಮೀಟರ್ ಸುಳ್ಳು ಹೇಳುತ್ತಿತ್ತು" ಎಂದು ಹೇಳಿ ಗಾಡಿ ಕಳಿಸಿಕೊಟ್ಟೆ. ಥರ್ಮೋಸ್ಟಾಟ್ ತರಿಸಿ ಮುಂದಿನ ವಾರ ಕೂರಿಸೋಣ ಎಂದುಕೊಂಡೆ. ಮೊದಲ ದಿನ ಕಂಡಿದ್ದ ಎರಡು ಬೆರಳಿನ ನೀರಿನ ಕೊರತೆಯನ್ನೂ, ನೋಟ್‌ಬುಕ್ಕಿನಲ್ಲಿ ಹಗಲು, ಲೋಡ್ ಇದ್ದಾಗ, ಲೈಟ್ ಇಲ್ಲದೆ ಮುಳ್ಳು ನಿಧಾನವಾಗಿ ಏರಿ ತಟ್ಟನೆ ಇಳಿದಿದ್ದ ಎರಡು ಸಾಲುಗಳನ್ನೂ ಆ 0.42 ವೋಲ್ಟಿನ ಲೆಕ್ಕಕ್ಕೇ ಸೇರಿಸಿಬಿಟ್ಟೆ. ಆ ಸಾಲುಗಳು ಅದಕ್ಕೆ ಸೇರುವಂಥವೇ ಆಗಿರಲಿಲ್ಲ.

ಮುಳ್ಳು ಬಿದ್ದ ದಿನ

ಹನ್ನೊಂದನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಫೋನ್ ಬಂತು. ಸುರಂಗ ದಾಟಿ ಮರಿಯಮ್ಮನಹಳ್ಳಿಯ ಕಡೆಗೆ ಏರುವ ದಾರಿ, ಗಾಡಿಯ ತುಂಬ ದಾಳಿಂಬೆ.

"ಮೇಸ್ತ್ರಿ, ನಿಮ್ಮ ಅರ್ತು ಮತ್ತ ಹೋತ್ರಿ. ಮುಳ್ಳು ಪೂರಾ ತಳಾ ಹಿಡದೈತಿ. ಹೊಂಟೀನ್ರಿ, ಸಂಜಿಗೆ ಬಂದು ತೋರಸ್ತೀನಿ."

"ಬೀಳೂಕಿಂತ ಮೊದಲ ಏರಿತ್ತೇನು?"

"ಹೌದ್ರಿ, ಮುಕ್ಕಾಲಿಗೆ ಹೋಗಿತ್ತು. ಆಮ್ಯಾಗ ಒಮ್ಮಿಗ್ಲೇ ಬಿತ್ತು."

"ಹೀಟರ್ ಹಾಕ್ರಿ."

"ಈ ಬಿಸಿಲಾಗೇನ್ರಿ?"

"ಹಾಕಿ ಕೈ ಹಿಡೀರಿ."

ಅವರು ಹಾಕಿದರು. ಹೊರಗಿನ ಗಾಳಿಯಷ್ಟೇ ಬರುತ್ತಿದೆ, ಅದಕ್ಕಿಂತ ಬಿಸಿಯಿಲ್ಲ ಎಂದರು. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ, ಮುಚ್ಚಳಕ್ಕೆ ಕೈ ಹಚ್ಚಬೇಡಿ ಎಂದು ಕೂಗಿಯೇ ಹೇಳಿದೆ.

ಈ ಮಾತುಕತೆಯೇ ಪ್ರಕರಣದ ತಿರುವು. ಹೀಟರಿನೊಳಗೆ ಹರಿಯುವುದು ಎಂಜಿನ್ನಿನದೇ ಬಿಸಿನೀರು. ಎಂಜಿನ್ ಕಾದಿದ್ದು ನೀರು ಸರಿಯಾಗಿ ಸುತ್ತುತ್ತಿದ್ದರೆ ಹೀಟರಿನ ಗಾಳಿಗೆ ಕೈ ಒಡ್ಡಲಾಗದಷ್ಟು ಬಿಸಿ ಇರಬೇಕು. ಹೊರಗಿನ ಗಾಳಿಯೇ ಬಂತೆಂದರೆ ಹೀಟರಿಗೆ ನೀರು ತಲುಪುತ್ತಿಲ್ಲವೆಂದೇ ಅರ್ಥ. ಮುಳ್ಳು ಬಿದ್ದದ್ದಕ್ಕೂ ಅದೇ ಕಾರಣ. ಸೆನ್ಸರ್ ಕೂತಿರುವುದು ಥರ್ಮೋಸ್ಟಾಟಿನ ಮನೆಯಲ್ಲಿ, ಎಂಜಿನ್ನಿನ ನೀರಿನ ದಾರಿಯ ತೀರ ಎತ್ತರದ ಜಾಗದಲ್ಲಿ. ನೀರು ಕಡಿಮೆಯಾದಾಗ ಮೊದಲು ಬರಿದಾಗುವುದು ಆ ಜಾಗವೇ. ನೀರಿನಷ್ಟು ಚೆನ್ನಾಗಿ ಗಾಳಿಯೂ ಆವಿಯೂ ಸೆನ್ಸರಿಗೆ ಬಿಸಿ ಮುಟ್ಟಿಸಲಾರವು. ಆದ್ದರಿಂದ ಹೆಡ್ಡು ಸುಡುತ್ತಿರುವಾಗಲೇ ಮೀಟರ್ ತಂಪು ಎಂದು ತೋರಿಸುತ್ತದೆ. ಏರುವ ಮುಳ್ಳಿಗೆ ಚಾಲಕ ಹೆದರಿ ನಿಲ್ಲಿಸುತ್ತಾನೆ. ಬೀಳುವ ಮುಳ್ಳನ್ನು ನೋಡಿ ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಾನೆ. ಇಲ್ಲಂತೂ ಮೀಟರ್ ಸುಳ್ಳು ಹೇಳುತ್ತದೆಂದು ಅವರಿಗೆ ಕಲಿಸಿಕೊಟ್ಟವನು ನಾನೇ.

ಒಂದು ಗಂಟೆ ತಣಿಸಿ, ಬಟ್ಟೆ ಹಾಕಿ ಮುಚ್ಚಳ ತೆಗೆದಾಗ ಸುಮಾರು ನಾಲ್ಕು ಲೀಟರ್ ನೀರು ಹಿಡಿಯಿತು. ಹಾಗೇ ಓಡಿಸಿಕೊಂಡು ಬರಲು ನಾನು ಒಪ್ಪಲಿಲ್ಲ. ದಾಳಿಂಬೆಯನ್ನು ಬೇರೆ ಗಾಡಿಗೆ ತುಂಬಿಸಿ, ಇದನ್ನು ಎಳೆಸಿಕೊಂಡು ತಂದೆವು. ಆ ಖರ್ಚಿನ ಅರ್ಧವನ್ನು ಆಮೇಲೆ ನನ್ನ ಬಿಲ್ಲಿನಲ್ಲಿ ಕಳೆದೆ.

ಬಿಳಿ ಗೆರೆ

ಎರಡನೆಯ ಸಲ ನೋಡುವಾಗ ನಾಲ್ಕು ಲೀಟರ್ ನೀರು ಎಲ್ಲಿಗೆ ಹೋಯಿತು ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡೆವು. ಗಾಡಿ ನಿಲ್ಲಿಸುವ ಜಾಗದಲ್ಲಿ ನೆಲ ಒದ್ದೆಯಾಗಿದ್ದನ್ನು ಮನೆಯವರು ಒಂದು ದಿನವೂ ಕಂಡಿರಲಿಲ್ಲ. ಎಂಜಿನ್ ಆಯಿಲಿನಲ್ಲಿ ಹಾಲು ಬೆರೆತಂಥ ಬಣ್ಣ ಇರಲಿಲ್ಲ. ಹೆಡ್ ಗ್ಯಾಸ್ಕೆಟ್ಟಿನ ಸಂಶಯ ಮೊದಲು ತೀರಬೇಕಿತ್ತು. ರೇಡಿಯೇಟರಿನ ಬಾಯಿಗೆ ನೀಲಿ ದ್ರವದ ಪರೀಕ್ಷಾ ನಳಿಕೆ ಇಟ್ಟು ಒಳಗಿನ ಗಾಳಿಯನ್ನು ಅದರ ಮೂಲಕ ಎಳೆದೆವು. ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ಅದರ ಇಂಗಾಲದ ಡೈಆಕ್ಸೈಡಿನಿಂದ ದ್ರವ ಹಸಿರಿಗೋ ಹಳದಿಗೋ ತಿರುಗುತ್ತದೆ. ಮೂರು ಸಲ ಮಾಡಿದೆವು, ಅದರಲ್ಲಿ ಒಂದು ಸಲ ಎಂಜಿನ್ ಚೆನ್ನಾಗಿ ದುಡಿದು ಬಂದ ಮೇಲೆ. ದ್ರವ ನೀಲಿಯಾಗಿಯೇ ಉಳಿಯಿತು. ಹೆಡ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು. ಅಷ್ಟು ಕಾದ ಮೇಲೂ ಹೆಡ್ ಬಾಗದೆ ಉಳಿದದ್ದು ಅವರ ಅದೃಷ್ಟ, ನನ್ನದೂ ಕೂಡ.

ಮುಂದೆ ಕೈಪಂಪಿನಿಂದ 0.9 ಬಾರ್ ಒತ್ತಡ ಕೊಟ್ಟು ಕಾದೆವು. ತಣ್ಣಗಿದ್ದಾಗ ಕೈಪಂಪಿನ ಮುಳ್ಳು ಬಹುತೇಕ ನಿಂತಿತು. ಬಿಸಿಯಾಗಿದ್ದಾಗ ಹತ್ತು ನಿಮಿಷದಲ್ಲಿ ಇಳಿಯಿತು, ಹನಿ ಮಾತ್ರ ಎಲ್ಲೂ ಕಾಣಲಿಲ್ಲ. ಕೊನೆಗೆ ನಮ್ಮ ಹುಡುಗ ಬೆಲ್ಟ್ ಬಿಚ್ಚಿ, ಅಂಗೈಯಗಲದ ಕನ್ನಡಿಯನ್ನು ವಾಟರ್ ಬಾಡಿಯ, ಅಂದರೆ ನೀರು ಸುತ್ತಿಸುವ ವಾಟರ್ ಪಂಪಿನ ಕೆಳಗೆ ಹಿಡಿದು ಟಾರ್ಚ್ ಬಿಟ್ಟ. ವಾಟರ್ ಪಂಪಿನ ಶಾಫ್ಟಿನ ಕೆಳಗೆ, ಸೀಲ್ ಸವೆದರೆ ತಿಳಿಯಲೆಂದೇ ಬಿಟ್ಟಿರುವ ಸಣ್ಣ ರಂಧ್ರದಿಂದ ಕೆಳಗಿನವರೆಗೆ ಸುಣ್ಣದ ಕಡ್ಡಿಯಲ್ಲಿ ಎಳೆದಂತೆ ಒಂದು ಬಿಳಿ ಗೆರೆ ಇತ್ತು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು. ಓಡುವಾಗ ಬಿಸಿಗೆ ಸೀಲ್ ಸಡಿಲವಾಗಿ ಹನಿ ಒಸರುತ್ತಿತ್ತು, ಕಾದ ಲೋಹದ ಮೇಲೆ ಬಿದ್ದು ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿತ್ತು, ಉಪ್ಪು ಮಾತ್ರ ಅಲ್ಲೇ ಉಳಿಯುತ್ತಿತ್ತು. ಹಾಕಬಾರದಿದ್ದ ಬೋರಿನ ನೀರೇ ಕಳ್ಳನ ಹೆಜ್ಜೆ ತೋರಿಸಿಕೊಟ್ಟಿತ್ತು.

ರೇಡಿಯೇಟರಿನ ಮುಚ್ಚಳದ್ದೂ ಒಂದು ಪಾಲಿತ್ತು. ಅದರ ಮೇಲೆ 0.9 ಎಂದು ಅಚ್ಚಾಗಿದ್ದರೂ ಪರೀಕ್ಷೆಯಲ್ಲಿ 0.3 ಬಾರಿಗೇ ಬಾಯಿ ಬಿಟ್ಟಿತು. ಮುಚ್ಚಳ ಒತ್ತಡ ಹಿಡಿದರೆ ಬರೀ ನೀರು ಕೂಡ 118 ಡಿಗ್ರಿಯ ಹತ್ತಿರದವರೆಗೆ ಕುದಿಯದೆ ತಡೆಯುತ್ತದೆ, 0.3 ಬಾರಿನಲ್ಲಿ 107ರ ಆಸುಪಾಸಿಗೇ ಕುದಿಯುತ್ತದೆ. ಲೋಡಿನಲ್ಲಿ ಏರು ಹತ್ತುವಾಗ ಹೆಡ್ಡಿನೊಳಗಿನ ಕೆಲವು ಮೂಲೆಗಳು ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತವೆ. ಪಂಪಿನಿಂದ ಒಸರಿ ಕಡಿಮೆಯಾದ ನೀರು, ಬೇಗ ಕುದಿದು ಮೇಲೇರಿದ ಆವಿ, ತೆರೆದೇ ಇದ್ದ ಬೈಪಾಸ್ ಈ ಮೂರೂ ಸೇರಿದ ಮಧ್ಯಾಹ್ನವೇ ಮುಳ್ಳು ತಳ ಹಿಡಿದದ್ದು.

ಪಂಪ್, ಬೆಲ್ಟ್, ಮುಚ್ಚಳ ಹೊಸವು ಹಾಕಿದೆವು. ಥರ್ಮೋಸ್ಟಾಟನ್ನು ಕೂರಿಸುವ ಮೊದಲು ಚಹಾದ ಪಾತ್ರೆಯಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿದೆವು. 83ಕ್ಕೆ ಬಾಯಿ ಬಿಟ್ಟಿತು. "ಇದಿಲ್ದನ ನಡದಿತ್ತಲ್ರಿ" ಎಂದು ಮಾಲೀಕರು ಗೊಣಗಿದರು. ಪಾತ್ರೆಯೊಳಗೆ ಅದು ಮೆಲ್ಲಗೆ ತೆರೆದು, ನೀರು ಆರಿದಂತೆ ಮತ್ತೆ ಮುಚ್ಚಿಕೊಂಡದ್ದನ್ನು ಕಂಡ ಮೇಲೆ ಸುಮ್ಮನಾದರು. ನೀರಿಗೆ ಅವರ ಊರಿನ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕವೇ ಸಾಕೆಂದು ಹೇಳಿ, ಅದಕ್ಕೆ ಸಮಪಾಲು ಕೂಲಂಟ್ ಬೆರೆಸಿದೆವು. ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ ನಿಜ, ಕೂಲಂಟ್ ಬೇಕಾಗುವುದು ತುಕ್ಕು ತಡೆಯಲು ಮತ್ತು ಕುದಿಯುವ ಬಿಂದುವನ್ನು ಮೇಲಕ್ಕೆ ಒಯ್ಯಲು. ಗಾಳಿ ತೆಗೆಯುವ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು: ಮುಂದಿನ ಗಾಲಿಗಳನ್ನು ಇಳಿಜಾರು ಕಟ್ಟೆಯ ಮೇಲೆ ಹತ್ತಿಸಿ, ಹೀಟರಿನ ಲಿವರ್ ಪೂರ್ತಿ ಬಿಸಿಯ ಕಡೆಗಿಟ್ಟು, ಮುಚ್ಚಳ ತೆಗೆದು, ಥರ್ಮೋಸ್ಟಾಟ್ ತೆರೆದು ಗುಳ್ಳೆ ಏಳುವುದು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ತುಂಬಿಸಿದೆವು.

ರೇಡಿಯೇಟರಿನ ವಿಷಯದಲ್ಲಿ ಮಾತ್ರ ಅರ್ಧ ದಾರಿಗೆ ನಿಂತೆವು. ದೂರದಿಂದ ಬಿಸಿ ಅಳೆಯುವ ಗನ್ನಿನಿಂದ ನೋಡಿದರೆ ಮೇಲ್ಭಾಗ 88 ಡಿಗ್ರಿ ಇದ್ದಾಗ ಬಲಬದಿಯ ಒಂದು ಪಟ್ಟಿ 52 ಅಷ್ಟೇ ತೋರಿಸಿತು. ಅಲ್ಲಿನ ಕೊಳವೆಗಳು ಕಟ್ಟಿಕೊಂಡಿದ್ದವು. ಹಳೆಯ ಹಿತ್ತಾಳೆಯ ರೇಡಿಯೇಟರಾಗಿದ್ದರೆ ಟ್ಯಾಂಕ್ ಬಿಚ್ಚಿ ರಾಡ್ ಹೊಡೆಸಬಹುದಿತ್ತು. ಇದು ಅಲ್ಯೂಮಿನಿಯಂ, ಟ್ಯಾಂಕುಗಳು ಪ್ಲಾಸ್ಟಿಕ್. ತೊಳೆಯುವ ದ್ರಾವಣ ಹಾಕಿ ಎರಡು ಸಲ ಫ್ಲಶ್ ಮಾಡಿದ ಮೇಲೆ ತಣ್ಣನೆಯ ಪಟ್ಟಿ ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಹೊಸದು ಹಾಕಿಸಿ ಎಂದೆ. ದಾಳಿಂಬೆಯ ಬಾಡಿಗೆ ಇನ್ನೂ ಬರಬೇಕು ಎಂದರು. ಉಳಿದ ಭಾಗ ಸಾಕಷ್ಟು ತಣಿಸುತ್ತಿದೆಯೆಂದು ಅಳೆದು ನೋಡಿ, ಒಪ್ಪಿ, ಜಾಬ್ ಕಾರ್ಡಿನಲ್ಲಿ ಹಾಗೇ ಬರೆದು ಸಹಿ ಹಾಕಿಸಿಕೊಂಡೆ.

ಕೊನೆಗೆ ಸೆನ್ಸರ್. ಮೊದಲು ತೆಗೆದುಹಾಕಿದ್ದ ಕಂಪನಿಯ ಸೆನ್ಸರನ್ನು ಅವರು ಬಿಸಾಡದೆ ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದರು. ಅದೇ ಚಹಾದ ಪಾತ್ರೆಯಲ್ಲಿ ಹಳೆಯದನ್ನೂ ಅಗ್ಗದ ಹೊಸದನ್ನೂ ಒಟ್ಟಿಗೆ ಇಳಿಬಿಟ್ಟು ಅಳೆದೆವು. 80 ಡಿಗ್ರಿಯಲ್ಲಿ ಹಳೆಯದು 70 ಓಮಿನ ಆಸುಪಾಸು, ಹೊಸದು 55. ನಿಜವಾದ ಬಿಸಿಗಿಂತ ಹೆಚ್ಚು ತೋರಿಸುತ್ತಿದ್ದದ್ದು ಹೊಸದೇ; ಕೆಟ್ಟಿದೆಯೆಂದು ತೆಗೆದದ್ದು ಕೆಟ್ಟಿರಲೇ ಇಲ್ಲ. ಅದನ್ನೇ ಮರಳಿ ಹಾಕಿದೆವು.

ಆ ದಿನದಿಂದ ನಮ್ಮ ಗ್ಯಾರೇಜಿನಲ್ಲಿ ಹೀಟ್ ಮೀಟರಿನ ದೂರು ಬಂದರೆ ಮುಳ್ಳು ಎಷ್ಟು ಹೊತ್ತಿನಲ್ಲಿ ಏರಿತು, ಎಷ್ಟು ಹೊತ್ತಿನಲ್ಲಿ ಇಳಿಯಿತು ಎಂದು ಮೊದಲು ಕೇಳುತ್ತೇವೆ. ಸ್ವಿಚ್ ಹಾಕಿದ ಕ್ಷಣದಲ್ಲಿ ಅಲುಗಿದರೆ ವೈರಿಂಗ್, ನಿಮಿಷಗಟ್ಟಲೆ ಹಿಡಿದರೆ ನೀರು ಎಂದು ಎರಡು ಕಾಲಮ್ಮುಗಳನ್ನು ಜಾಬ್ ಕಾರ್ಡಿನಲ್ಲೇ ಅಚ್ಚು ಹಾಕಿಸಿದ್ದೇವೆ. ಒಂದು ಕಾಲಮ್ಮಿನಲ್ಲಿ ಉತ್ತರ ಸಿಕ್ಕಿತೆಂದು ಇನ್ನೊಂದನ್ನು ಖಾಲಿ ಬಿಡುವ ಹಾಗಿಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ನೀರು ಒಂದು ಬೆರಳು ಇಳಿದಿದ್ದರೂ ಒತ್ತಡದ ಪರೀಕ್ಷೆ ಆಗದೆ ಗಾಡಿ ಹೊರಗೆ ಹೋಗುವುದಿಲ್ಲ. ಹೀಟರ್ ಇರುವ ಗಾಡಿಯ ಚಾಲಕರಿಗೆಲ್ಲ, ಎಂಥ ಬಿಸಿಲೇ ಇರಲಿ, ಮುಳ್ಳು ತಟ್ಟನೆ ಬಿದ್ದರೆ ಹೀಟರ್ ಹಾಕಿ ಕೈ ಹಿಡಿದು ನೋಡಿ ಎಂದು ಹೇಳಿ ಕಳಿಸುತ್ತೇವೆ. ಕೆಲವರು ನಗುತ್ತಾರೆ.

ದೀಪಾವಳಿಯ ಮುಂದೆ ಆ ಗಾಡಿ ಆಯಿಲ್ ಬದಲಿಸಲು ಬಂದಿತ್ತು. ನೀರು ಇಳಿದಿರಲಿಲ್ಲ, ಪಂಪಿನ ಕೆಳಗೆ ಒಣಗಿಯೇ ಇತ್ತು. ಗಾಜಿನ ಮೇಲಿನ ಎರಡು ಟಿಕಳಿಗಳು ಬಿಸಿಲಿಗೆ ಅಂಟು ಬಿಟ್ಟು ಉದುರಿದ್ದವು. ಅರ್ಧದ್ದೊಂದು ಉಳಿದಿತ್ತು, ಮುಳ್ಳು ಅದರ ಕೆಳಗೆ ಹಳೆಯ ಜಾಗದಲ್ಲೇ ನಿಂತಿತ್ತು. ರೇಡಿಯೇಟರಿನ ಬಲಬದಿಯ ಪಟ್ಟಿಯನ್ನು ಮತ್ತೆ ಗನ್ನಿನಿಂದ ಅಳೆದೆ: 64. ಬರುವ ಮಾರ್ಚಿಗಿಂತ ಮೊದಲು ಅದನ್ನು ಬದಲಾಯಿಸಲೇಬೇಕೆಂದು ಕಾರ್ಡಿನಲ್ಲಿ ಬರೆದುಕೊಟ್ಟಿದ್ದೇನೆ.